ಕೈ ಉಪಕರಣಗಳು ನಿಜವಾಗಿ ಎಲ್ಲಿ ತಯಾರಾಗುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಕ್ಕಳ, ಸ್ಪ್ಯಾನರ್, ಸ್ಕ್ರೂಡ್ರೈವರ್, ಸುತ್ತಿಗೆ ಮೊದಲಾದ ಕೈ ಉಪಕರಣಗಳನ್ನು ಕೊಳ್ಳುವವರು, ಮಾರುವವರು ಮತ್ತು ಅವುಗಳಿಂದಲೇ ಹೊಟ್ಟೆ ಹೊರೆಯುವ ಕೆಲಸಗಾರರು ಮಾತಿನಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಲಾಗಿದೆ. ಸುಲಭದ ಪ್ರಶ್ನೆಗಳು ಮೊದಲು, ಕಾನೂನು ಮತ್ತು ಸುಂಕದ ತೊಡಕಿನವು ಕೊನೆಗೆ ಬಂದಿವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲ ಸಂದೇಹಗಳು

ಮೂಲ ದೇಶ ಅಂದರೆ ಕಂಪನಿ ಯಾವ ದೇಶದ್ದೋ ಅದೇ ಅಲ್ಲವೇ?

ಅಲ್ಲ. ಮೂಲ ದೇಶವೆಂದರೆ ಆ ವಸ್ತು ತಯಾರಾದ ದೇಶ. ಒಂದು ಬ್ರ್ಯಾಂಡ್ ಹುಟ್ಟಿದ ಊರು, ಅದರ ಇಂದಿನ ಒಡೆಯರು ಇರುವ ಊರು, ಮಾಲು ತಯಾರಾಗುವ ಕಾರ್ಖಾನೆಯ ಊರು ಈ ಮೂರೂ ಬೇರೆ ಬೇರೆಯಾಗಿರುವುದು ಈ ವ್ಯಾಪಾರದಲ್ಲಿ ತೀರಾ ಸಾಮಾನ್ಯ. ಅಮೆರಿಕದ ಸಿಯರ್ಸ್ ಅಂಗಡಿಗಳು 1927ರಲ್ಲಿ ಆರಂಭಿಸಿದ ಕ್ರಾಫ್ಟ್ಸ್‌ಮನ್ ಹೆಸರನ್ನು 2017ರಲ್ಲಿ ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕೊಂಡಿತು. ಆ ಹೆಸರು ಹೊತ್ತ ಎಷ್ಟೋ ಕೈ ಉಪಕರಣಗಳು ಚೀನಾ ಮತ್ತು ತೈವಾನಿನಲ್ಲಿ ತಯಾರಾಗುತ್ತವೆ. ಸ್ವೀಡನ್ನಿನ ಹೆಸರಾದ ಬಾಕೋ 1999ರಿಂದ ಅಮೆರಿಕದ ಸ್ನ್ಯಾಪ್-ಆನ್ ಕೈಯಲ್ಲಿದೆ. ಅಮೆರಿಕದ ಹಳೆಯ ಹೆಸರಾದ ಎಸ್‌ಕೆ 2021ರಲ್ಲಿ ಚೀನಾದ ಹಾಂಗ್‌ಝೌ ನಗರದ ಗ್ರೇಟ್‌ಸ್ಟಾರ್ ಸಂಸ್ಥೆಗೆ ಸೇರಿತು. ಜರ್ಮನಿಯ ವೂಪರ್ಟಾಲಿನಲ್ಲಿ ಕೇಂದ್ರ ಕಚೇರಿಯಿರುವ ವೆರಾ ಕಂಪನಿಯ ಹಲವು ಸ್ಕ್ರೂಡ್ರೈವರುಗಳ ಮೇಲೆ ಚೆಕ್ ಗಣರಾಜ್ಯದ ಹೆಸರಿರುತ್ತದೆ, ಏಕೆಂದರೆ ಅವರ ಕಾರ್ಖಾನೆ ಅಲ್ಲಿದೆ. ಮೂಲ ದೇಶವೆಂಬುದು ಕಂಪನಿಗೆ ಅಂಟಿಕೊಂಡ ಗುಣವಲ್ಲ. ನಿಮ್ಮ ಕೈಯಲ್ಲಿರುವ ಆ ಒಂದು ವಸ್ತುವಿಗೆ ಸಂಬಂಧಿಸಿದ ಸಂಗತಿ. ಒಂದೇ ಬ್ರ್ಯಾಂಡಿನ ಇಕ್ಕಳ ಒಂದು ದೇಶದ್ದು, ಅಳತೆ ಟೇಪು ಇನ್ನೊಂದು ದೇಶದ್ದು ಆಗಿರಬಹುದು.

ನಮ್ಮ ದೇಶದಲ್ಲಿ ಮಾರುವ ಉಪಕರಣದ ಮೇಲೆ ದೇಶದ ಹೆಸರು ಹಾಕಲೇಬೇಕಾ?

ಆಮದಾಗಿ ಬಂದ, ಪೊಟ್ಟಣ ಕಟ್ಟಿದ ಮಾಲಿನ ಮೇಲೆ ಹಾಕಲೇಬೇಕು. ತೂಕ ಮತ್ತು ಅಳತೆಗಳಿಗೆ ಸಂಬಂಧಿಸಿದ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಅಡಿಯಲ್ಲಿ ಬಂದಿರುವ 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು ಮತ್ತು ವರ್ಷ, ಪ್ರಮಾಣ, ಗ್ರಾಹಕರು ಸಂಪರ್ಕಿಸಬೇಕಾದ ವಿಳಾಸ ಇವುಗಳ ಜೊತೆಗೆ, ಆಮದು ಮಾಲಾದರೆ ಆಮದುದಾರರ ಹೆಸರು, ವಿಳಾಸ ಮತ್ತು ಮೂಲ ದೇಶವೂ ಕಾಣಬೇಕು. ಆನ್‌ಲೈನ್ ಮಾರಾಟಕ್ಕೆ ಈ ವಿವರಗಳನ್ನು ಪರದೆಯ ಮೇಲೆ ತೋರಿಸುವ ಹೊಣೆ 2018ರ ಜನವರಿಯಿಂದ ಬಂದಿದೆ. 2020ರ ಇ-ವಾಣಿಜ್ಯ ನಿಯಮಗಳು ಅದನ್ನು ಇನ್ನಷ್ಟು ಬಿಗಿಗೊಳಿಸಿದವು. ಇಲ್ಲಿಯೇ ತಯಾರಾದ ಮಾಲಿನ ಮೇಲೆ ತಯಾರಕರ ಹೆಸರು ಮತ್ತು ವಿಳಾಸ ಇರಬೇಕು.

ಆದರೆ ಒಂದು ದೊಡ್ಡ ಕಿಂಡಿ ಉಳಿದಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಡಬ್ಬದಲ್ಲಿ ರಾಶಿ ಹಾಕಿರುವ ಸ್ಪ್ಯಾನರುಗಳಲ್ಲಿ ಒಂದನ್ನು ಆರಿಸಿ, ಹಳೆ ಪೇಪರಿನಲ್ಲಿ ಸುತ್ತಿ ಕೊಟ್ಟರೆ ಅದು ಪೊಟ್ಟಣದ ಸರಕಲ್ಲ. ಈ ನಿಯಮ ಅದನ್ನು ಮುಟ್ಟುವುದಿಲ್ಲ. ಕಾರ್ಖಾನೆಗಳ ಬಳಕೆಗೆಂದೇ ಕಟ್ಟಿದ ಪೊಟ್ಟಣಗಳಿಗೂ ವಿನಾಯಿತಿ ಇದೆ. ದಿನಗೂಲಿಯ ಮೇಸ್ತ್ರಿ, ಎಲೆಕ್ಟ್ರಿಷಿಯನ್, ಪಂಕ್ಚರ್ ಅಂಗಡಿಯವರು ಕೊಳ್ಳುವುದು ಹೆಚ್ಚಾಗಿ ಹೀಗೆ ಬಿಡಿಯಾಗಿ ಮಾರುವ ಮಾಲನ್ನೇ. ಯಾರಿಗೆ ಈ ಮಾಹಿತಿ ಹೆಚ್ಚು ಬೇಕೋ ಅವರಿಗೇ ಅದು ಸಿಗದಿರುವುದು ಸರಿಯಲ್ಲವೆಂದು ನಾನು ಬಲವಾಗಿ ನಂಬುತ್ತೇನೆ.

ಬಾರ್‌ಕೋಡ್ 890ರಿಂದ ಶುರುವಾದರೆ ಅದು ಭಾರತದ್ದೇ ಅಂತಾರೆ, ನಿಜವಾ?

ನಿಜವಲ್ಲ. ಆ ಸಂಖ್ಯೆಯನ್ನು ಜಿಎಸ್1 ಇಂಡಿಯಾ ಎಂಬ ಸಂಸ್ಥೆ ಹಂಚಿದೆ ಎಂಬುದಷ್ಟೇ 890ರ ಅರ್ಥ. ಇಲ್ಲಿ ನೋಂದಾಯಿಸಿಕೊಂಡ ಆಮದುದಾರ ಚೀನಾದಿಂದ ತರಿಸಿದ ಇಕ್ಕಳಕ್ಕೂ 890ರ ಬಾರ್‌ಕೋಡ್ ಹಾಕಬಹುದು. ತೈವಾನಿನ 471, ಚೀನಾದ 690ರಿಂದ 699, ಜರ್ಮನಿಯ 400ರಿಂದ 440 ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

'ಮೇಕ್ ಇನ್ ಇಂಡಿಯಾ' ಸಿಂಹದ ಚಿತ್ರ ಇದ್ದರೆ ಸಾಕಲ್ಲವೇ?

ಸಾಲದು. ಅದು 2014ರ ಸೆಪ್ಟೆಂಬರಿನಲ್ಲಿ ಆರಂಭವಾದ ಸರ್ಕಾರಿ ಕಾರ್ಯಕ್ರಮದ ಲಾಂಛನ. ಯಾವ ವಸ್ತುವನ್ನೂ ಪರೀಕ್ಷಿಸಿ ಕೊಡುವ ಮುದ್ರೆ ಅದಲ್ಲ. ತಯಾರಕರ ವಿಳಾಸವನ್ನೇ ನೋಡಬೇಕು.

## ಚೀಟಿಯನ್ನೂ ಉಪಕರಣವನ್ನೂ ಓದುವುದು

ಡಬ್ಬಿಯ ಮುಂದೆ 'ಜರ್ಮನ್ ಟೆಕ್ನಾಲಜಿ' ಅಂತ ದೊಡ್ಡದಾಗಿದೆ, ಹಿಂದೆ ಸಣ್ಣಕ್ಷರದಲ್ಲಿ 'ಪಿಆರ್‌ಸಿ' ಅಂತಿದೆ. ಯಾವುದನ್ನು ನಂಬಲಿ?

ಸಣ್ಣಕ್ಷರವನ್ನು ನಂಬಿ. ಪಿಆರ್‌ಸಿ ಎಂದರೆ ಚೀನಾ ಜನತಾ ಗಣರಾಜ್ಯ. ಹಳೆಯ ಮಾಲಿನ ಮೇಲೆ ಕಾಣುವ ಆರ್‌ಒಸಿ ಎಂದರೆ ತೈವಾನ್. ತಂತ್ರಜ್ಞಾನ ಜರ್ಮನಿಯದು, ವಿನ್ಯಾಸ ಇಟಲಿಯದು, ಗುಣಮಟ್ಟ ಜಪಾನಿನದು ಎಂಬ ಮಾತುಗಳು ಜಾಹೀರಾತಿನ ಭಾಗ; ಕಾರ್ಖಾನೆ ಎಲ್ಲಿದೆ ಎಂಬುದನ್ನು ಅವು ಹೇಳುವುದೇ ಇಲ್ಲ.

ಹೆಸರೇ ದಾರಿ ತಪ್ಪಿಸುವುದೂ ಉಂಟು. ಅಮೆರಿಕದ ಹಾರ್ಬರ್ ಫ್ರೇಟ್ ಅಂಗಡಿಗಳಲ್ಲಿ ಮಾರಾಟವಾಗುವ ಒಂದು ಬ್ರ್ಯಾಂಡಿಗೆ ಉಕ್ಕಿನ ನಗರವಾದ ಪಿಟ್ಸ್‌ಬರ್ಗ್ ಎಂದು ಹೆಸರು. ಅದರ ಉಪಕರಣಗಳು ಬರುವುದು ಚೀನಾ, ತೈವಾನ್ ಮತ್ತು ಭಾರತದಿಂದ. ಇಂತಹ ಸಂದರ್ಭಕ್ಕೆಂದೇ ಅಮೆರಿಕದ ಕಸ್ಟಮ್ಸ್ ನಿಯಮದಲ್ಲಿ ಒಂದು ಕಟ್ಟಳೆ ಇದೆ: ಆಮದು ಮಾಲಿನ ಮೇಲೆ ಬೇರೊಂದು ಊರಿನ ಅಥವಾ ದೇಶದ ಹೆಸರು ಬಂದು ಕೊಳ್ಳುವವರನ್ನು ತಪ್ಪು ತಿಳಿಯುವಂತೆ ಮಾಡುವುದಾದರೆ, ನಿಜವಾದ ಮೂಲ ದೇಶವನ್ನು ಆ ಹೆಸರಿನ ಹತ್ತಿರದಲ್ಲಿಯೇ, ಅಷ್ಟೇ ಗಾತ್ರದ ಅಕ್ಷರಗಳಲ್ಲಿ ಹಾಕಬೇಕು.

ಚೀಟಿ ಇಲ್ಲದಿದ್ದರೆ, ಉಪಕರಣವನ್ನೇ ನೋಡಿ ಎಲ್ಲಿಯದು ಅಂತ ಹೇಳಬಹುದೇ?

ಖಚಿತವಾಗಿ ಹೇಳಲಾಗದು, ಆದರೆ ಕಣ್ಣಿಟ್ಟು ನೋಡಿದರೆ ಸಾಕಷ್ಟು ತಿಳಿಯುತ್ತದೆ. ಒಂದು ಕಟಿಂಗ್ ಪ್ಲೇಯರನ್ನು ತೆಗೆದುಕೊಳ್ಳಿ. ಅದು ಹುಟ್ಟುವ ಕ್ರಮ ಹೀಗಿದೆ: ಉಕ್ಕಿನ ಸರಳನ್ನು ತುಂಡು ಮಾಡಿ, ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಮೇಲಿನ ಅಚ್ಚು ಮತ್ತು ಕೆಳಗಿನ ಅಚ್ಚಿನ ನಡುವೆ ಇಟ್ಟು ಯಂತ್ರದ ಭಾರವಾದ ಸುತ್ತಿಗೆಯಿಂದ ಬಡಿಯುತ್ತಾರೆ. ಅಂಚಿನಲ್ಲಿ ಹೊರಚೆಲ್ಲಿದ ಲೋಹವನ್ನು ಕತ್ತರಿಸಿ ತೆಗೆಯುತ್ತಾರೆ. ಕೀಲಿಗೆ ತೂತು ಕೊರೆದು, ಎರಡೂ ಹೋಳುಗಳನ್ನು ರಿವೆಟ್ಟಿನಿಂದ ಕೂಡಿಸಿ, ಕತ್ತರಿಸುವ ಅಲಗುಗಳನ್ನು ಮತ್ತೆ ಕಾಯಿಸಿ ತಣಿಸಿ ಹದ ಕೊಡುತ್ತಾರೆ. ಒಳ್ಳೆಯ ಪ್ಲೇಯರಿನ ಅಲಗಿನ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 60ರ ಆಸುಪಾಸಿನಲ್ಲಿರುತ್ತದೆ. ಕೊನೆಗೆ ಉಜ್ಜುವುದು, ಲೇಪನ, ಹಿಡಿಗೆ ಪ್ಲಾಸ್ಟಿಕ್ ತೊಡಿಸುವುದು.

ಈಗ ಅಕ್ಷರಗಳನ್ನು ನೋಡಿ. ಹೆಸರೂ ದೇಶವೂ ಲೋಹದಿಂದಲೇ ಉಬ್ಬಿಕೊಂಡು, ಬೆರಳಾಡಿಸಿದಾಗ ಅಂಚು ದುಂಡಗೆ ತಾಗಿದರೆ, ಅವು ಬಡಿಯುವ ಅಚ್ಚಿನಲ್ಲಿಯೇ ಕೆತ್ತಿದ ಅಕ್ಷರಗಳು. ಬಿಸಿ ಉಕ್ಕು ರೂಪ ಪಡೆದ ಜಾಗದಲ್ಲಿಯೇ ಆ ಹೆಸರೂ ಮೂಡಿದೆ ಎಂದರ್ಥ. ಅದಕ್ಕಿಂತ ಬಲವಾದ ಗುರುತು ಬೇರೆ ಸಿಗುವುದು ಕಷ್ಟ. ಅದರ ಬದಲು ನುಣುಪಾದ ಮೈಮೇಲೆ ಲೇಸರಿನಿಂದ ಬರೆದ ತೆಳ್ಳನೆಯ ಬೂದು ಅಕ್ಷರಗಳಿದ್ದರೆ, ಅವನ್ನು ಎಲ್ಲ ಕೆಲಸ ಮುಗಿದ ಮೇಲೆ, ಯಾವ ಊರಿನಲ್ಲಿ ಬೇಕಾದರೂ ಹಾಕಿರಬಹುದು. ಒಂದೇ ಕಾರ್ಖಾನೆಯ ಒಂದೇ ಮೈಕಟ್ಟಿನ ಪ್ಲೇಯರು ನಾಲ್ಕಾರು ಬ್ರ್ಯಾಂಡುಗಳ ಹೆಸರಿನಲ್ಲಿ ಮಾರುಕಟ್ಟೆಗೆ ಬರುವುದು ಸಾಧ್ಯವಾಗಿರುವುದು ಹೀಗೆಯೇ. ಬೆಂಗಳೂರಿನ ಎಸ್‌ಪಿ ರಸ್ತೆಯಂತಹ ಕಡೆ ಬೇರೆ ಬೇರೆ ಹೆಸರಿನ ಎರಡು ಪ್ಲೇಯರುಗಳನ್ನು ಪಕ್ಕಪಕ್ಕ ಇಟ್ಟು, ಕೀಲಿನ ಆಕಾರ, ಹಲ್ಲುಗಳ ಸಾಲು ಮತ್ತು ಹಿಡಿಯ ಬಾಗನ್ನು ಹೋಲಿಸಿ ನೋಡಿದರೆ ಅವು ಒಂದೇ ಮನೆಯವೇ ಎಂಬುದು ಎಷ್ಟೋ ಸಲ ಗೊತ್ತಾಗುತ್ತದೆ.

ಸಾಕೆಟ್ ಸೆಟ್ ಮೇಲೆ ಒಂದೇ ದೇಶದ ಹೆಸರಿದೆ. ಒಳಗಿನ ಎಲ್ಲ ತುಂಡುಗಳೂ ಅಲ್ಲಿಯವೇ?

ಹಾಗೆಂದು ಭಾವಿಸಬೇಡಿ. ತಿರುಗಿಸುವ ಹಿಡಿಯಾದ ರಾಚೆಟ್ ಒಂದು ಕಡೆ, ನಟ್ಟಿನ ಮೇಲೆ ಕೂರುವ ಸಾಕೆಟ್ಟುಗಳು ಇನ್ನೊಂದು ಕಡೆ, ಪ್ಲಾಸ್ಟಿಕ್ ಪೆಟ್ಟಿಗೆ ಮತ್ತೊಂದು ಕಡೆ ತಯಾರಾಗಿ, ಎಲ್ಲೋ ಒಂದು ಕಡೆ ಜೋಡಣೆಯಾಗಿರಬಹುದು. ಪ್ರಾಮಾಣಿಕ ತಯಾರಕರು ತುಂಡು ತುಂಡಿನ ಮೇಲೂ ದೇಶದ ಹೆಸರು ಹಾಕುತ್ತಾರೆ ಇಲ್ಲವೇ ಪೆಟ್ಟಿಗೆಯ ಮೇಲೆ ಎರಡು ಮೂರು ದೇಶಗಳನ್ನು ಬರೆಯುತ್ತಾರೆ. ಹಾಗೆ ಹಲವು ದೇಶಗಳ ಹೆಸರು ಕಂಡಾಗ ಅನುಮಾನ ಪಡುವುದಕ್ಕಿಂತ ಮೆಚ್ಚಿಕೊಳ್ಳುವುದೇ ಸರಿ.

## ಊರುಗಳು ಮತ್ತು ಕಾರ್ಖಾನೆಗಳು

ಹಾಗಾದರೆ ಪ್ರಪಂಚದ ಕೈ ಉಪಕರಣಗಳು ಎಲ್ಲಿ ತಯಾರಾಗುತ್ತವೆ?

ಪ್ರಮಾಣದಲ್ಲಿ ಚೀನಾದ್ದೇ ಮೇಲುಗೈ. ಶಾನ್‌ಡಾಂಗ್ ಪ್ರಾಂತ್ಯದ ಲಿನ್ಯಿ, ಝೆಜಿಯಾಂಗ್ ಪ್ರಾಂತ್ಯದ ಯಾಂಗ್‌ಕಾಂಗ್ ಮತ್ತು ಹಾಂಗ್‌ಝೌ ಈ ಉದ್ಯಮಕ್ಕೆ ಹೆಸರಾದ ಕಡೆಗಳು. ತೈವಾನಿನ ತೈಚುಂಗ್ ಸುತ್ತಮುತ್ತಲಿನ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳು ಸಾಕೆಟ್, ರಾಚೆಟ್, ಅಲೆನ್ ಕೀಗಳಲ್ಲಿ ಪಳಗಿವೆ. ಅಮೆರಿಕ ಮತ್ತು ಯೂರೋಪಿನ ಅನೇಕ ದುಬಾರಿ ಬ್ರ್ಯಾಂಡುಗಳು ಅಲ್ಲಿಂದಲೇ ಮಾಲು ಮಾಡಿಸಿಕೊಳ್ಳುತ್ತವೆ.

ಹಳೆಯ ಕಸುಬಿನ ಊರುಗಳು ಅಳಿದಿಲ್ಲ. ಜರ್ಮನಿಯ ರೆಮ್‌ಶೈಡ್ ಮತ್ತು ವೂಪರ್ಟಾಲ್ ಇಂದಿಗೂ ಉಪಕರಣಗಳ ಊರುಗಳೇ. 1882ರಲ್ಲಿ ಹುಟ್ಟಿದ ನಿಪೆಕ್ಸ್ ತನ್ನ ಇಕ್ಕಳಗಳನ್ನು ವೂಪರ್ಟಾಲಿನಲ್ಲಿಯೇ ಬಡಿಯುತ್ತದೆ. ಸ್ವಿಟ್ಜರ್ಲೆಂಡಿನ ಎಮೆಂಟಾಲ್ ಕಣಿವೆಯ ವಾಸೆನ್ ಎಂಬ ಹಳ್ಳಿಯಲ್ಲಿ ಪಿಬಿ ಸ್ವಿಸ್ ಟೂಲ್ಸ್ ಇದೆ. ಜಪಾನಿನಲ್ಲಿ ನೀಗಾತಾದ ಸಾಂಜೊ ಮತ್ತು ಹ್ಯೋಗೊದ ಮಿಕಿ ಕಮ್ಮಾರಿಕೆಗೆ ಪ್ರಸಿದ್ಧವಾದ ಊರುಗಳು. ಅಮೆರಿಕದಲ್ಲಿ ಚಾನಲ್‌ಲಾಕ್ ಇಕ್ಕಳಗಳು ಪೆನ್ಸಿಲ್ವೇನಿಯಾದ ಮೀಡ್‌ವಿಲ್‌ನಲ್ಲಿ, ಎಸ್ಟ್‌ವಿಂಗ್ ಸುತ್ತಿಗೆಗಳು ಇಲಿನಾಯ್‌ನ ರಾಕ್‌ಫರ್ಡ್‌ನಲ್ಲಿ ತಯಾರಾಗುತ್ತವೆ. ಆದರೆ ಹೊರಟುಹೋದ ತಯಾರಿಕೆಯನ್ನು ಮರಳಿ ತರುವುದು ಸುಲಭವಲ್ಲ. ಕ್ರಾಫ್ಟ್ಸ್‌ಮನ್ ಉಪಕರಣಗಳನ್ನು ಮತ್ತೆ ಅಮೆರಿಕದಲ್ಲಿಯೇ ಮಾಡಲೆಂದು ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ ಕಾರ್ಖಾನೆ ತೆರೆಯುವುದಾಗಿ 2019ರಲ್ಲಿ ಘೋಷಿಸಲಾಯಿತು; 2023ರಲ್ಲಿ ಅದನ್ನು ಮುಚ್ಚುವ ತೀರ್ಮಾನ ಬಂತು.

ಭಾರತದಲ್ಲಿ ಯಾರು ಮಾಡುತ್ತಾರೆ? ಎಲ್ಲ ಪಂಜಾಬಿನಿಂದಲೇ ಬರುತ್ತದೆ ಅಂತಾರಲ್ಲ?

ಹೆಚ್ಚಿನ ಪಾಲು ಅಲ್ಲಿಂದಲೇ. ಜಲಂಧರ್ ಮತ್ತು ಲೂಧಿಯಾನಾ ನಮ್ಮ ಕೈ ಉಪಕರಣ ಉದ್ಯಮದ ಬೆನ್ನೆಲುಬು. ಸ್ಪ್ಯಾನರ್, ಪೈಪ್ ರಿಂಚ್, ಇಕ್ಕಳ, ವೈಸ್ ಎಲ್ಲವೂ ಅಲ್ಲಿನ ಕಾರ್ಖಾನೆಗಳಿಂದ ಹೊರಬರುತ್ತವೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1983ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಕೈ ಉಪಕರಣ ಸಂಸ್ಥೆ ಜಲಂಧರದಲ್ಲಿಯೇ ಇದೆ. ರಾಜಸ್ಥಾನದ ನಾಗೌರ್ ಸಣ್ಣ ಉಪಕರಣಗಳಿಗೆ ಹೆಸರಾದ ಊರು. ಎಲೆಕ್ಟ್ರಿಷಿಯನ್ನರ ಚೀಲದಲ್ಲಿ ತಪ್ಪದೇ ಕಾಣುವ ಟಪಾರಿಯಾ 1969ರಲ್ಲಿ ಸ್ವೀಡನ್ನಿನ ಕಂಪನಿಯೊಂದರ ತಾಂತ್ರಿಕ ಸಹಯೋಗದಿಂದ ತಯಾರಿಕೆ ಆರಂಭಿಸಿತು. ಅದರ ನೆಲೆ ಮಹಾರಾಷ್ಟ್ರದ ನಾಸಿಕ್.

ಭಾರತದಿಂದ ವರ್ಷಕ್ಕೆ ಸುಮಾರು 60 ಕೋಟಿ ಡಾಲರ್ ಮೌಲ್ಯದ ಕೈ ಉಪಕರಣಗಳು ರಫ್ತಾಗುತ್ತವೆ, ಜಾಗತಿಕ ವ್ಯಾಪಾರದಲ್ಲಿ ಇದು ಶೇ. 1.8ರಷ್ಟು ಮಾತ್ರ ಎಂದು ನೀತಿ ಆಯೋಗ 2025ರ ವರದಿಯಲ್ಲಿ ಲೆಕ್ಕ ಕೊಟ್ಟಿದೆ. ಈ ರಫ್ತಿನಲ್ಲಿ ಬಹಳಷ್ಟು ಮಾಲು ಹೊರಗಿನ ಕೊಳ್ಳುಗರ ಬ್ರ್ಯಾಂಡಿನ ಹೆಸರನ್ನೇ ಹೊತ್ತು ಹೋಗುತ್ತದೆ. ಜಲಂಧರದ ಕುಲುಮೆಯ ಬಿಸಿಯಲ್ಲಿ ನಿಂತು ದುಡಿದವರ ಕೈಕೆಲಸ ಹೊರದೇಶದ ಅಂಗಡಿಯಲ್ಲಿ ಬೇರೆ ಹೆಸರಿನಿಂದ ಮಾರಾಟವಾಗುವಾಗ, ಅದರ ಮೈಮೇಲೆ ಭಾರತದ ಹೆಸರು ಉಳಿಯಲು ಕಾರಣವಾಗಿರುವುದು ಮೂಲ ದೇಶದ ಕಾನೂನೊಂದೇ. ಈ ಕಾನೂನು ಬರೀ ಕೊಳ್ಳುವವರಿಗಾಗಿ ಇರುವುದೆಂದು ಹಲವರು ತಿಳಿದಿದ್ದಾರೆ. ನನಗೆ ಅದು ದುಡಿದವರಿಗೂ ಸಲ್ಲಬೇಕಾದ ಮನ್ನಣೆಯಾಗಿ ಕಾಣುತ್ತದೆ.

ನಮ್ಮ ಕರ್ನಾಟಕದಲ್ಲಿ ಏನಾದರೂ ಆಗುತ್ತದೆಯೇ?

ಪಂಜಾಬಿನಂತಹ ಇಕ್ಕಳ, ಸ್ಪ್ಯಾನರುಗಳ ದೊಡ್ಡ ಕೇಂದ್ರ ನಮ್ಮಲ್ಲಿ ಬೆಳೆದಿಲ್ಲ. ಬೆಂಗಳೂರಿನ ಬಲ ಯಂತ್ರೋಪಕರಣಗಳಲ್ಲಿ ಮತ್ತು ಯಂತ್ರಗಳಿಗೆ ತೊಡಿಸುವ ಕತ್ತರಿಸುವ ಉಪಕರಣಗಳಲ್ಲಿದೆ. ಆದರೆ ಮಲೆನಾಡು ಮತ್ತು ಕರಾವಳಿಯ ಕತ್ತಿ, ಕೊಡಲಿ, ಹಾರೆ, ಗುದ್ದಲಿಗಳನ್ನು ಮರೆಯಬಾರದು. ಊರ ಕಮ್ಮಾರರು ಹಳೆಯ ಲಾರಿಯ ಲೀಫ್ ಪ್ಲೇಟನ್ನು ಕಾಯಿಸಿ ಬಡಿದು ಮಾಡಿಕೊಡುವ ಕತ್ತಿಗೆ ಚೀಟಿಯೂ ಇಲ್ಲ, ಬಾರ್‌ಕೋಡೂ ಇಲ್ಲ; ಆದರೂ ಅದನ್ನು ಮಾಡಿದವರು ಯಾರು ಎಂಬುದು ಕೊಳ್ಳುವವರಿಗೆ ಗೊತ್ತು, ಬಾಯಿ ಮಡಚಿಕೊಂಡರೆ ಹಿಂದಕ್ಕೆ ಒಯ್ದು ಮತ್ತೆ ಹದ ಹಾಕಿಸಬಹುದು.

ತೈವಾನ್, ಚೀನಾ ಮಾಲು ಅಂದರೆ ಎರಡನೇ ದರ್ಜೆ ಅಲ್ಲವಾ?

ದೇಶದ ಹೆಸರಿನಿಂದ ಗುಣಮಟ್ಟವನ್ನು ಅಳೆಯಲಾಗದು. ಒಂದೇ ಕಾರ್ಖಾನೆ ಒಬ್ಬ ಗಿರಾಕಿಗೆ ಕ್ರೋಮ್ ವೆನೇಡಿಯಂ ಉಕ್ಕಿನಲ್ಲಿ, ಬಿಗಿಯಾದ ತಪಾಸಣೆಯೊಂದಿಗೆ ಮಾಡಿಕೊಡುತ್ತದೆ. ಇನ್ನೊಬ್ಬರಿಗೆ ಅವರು ಕೊಡುವ ಬೆಲೆಗೆ ತಕ್ಕಂತೆ ಕಡಿಮೆ ದರ್ಜೆಯ ಉಕ್ಕಿನಲ್ಲಿ ಮಾಡುತ್ತದೆ. ಗುಣಮಟ್ಟಕ್ಕೆ ನೋಡಬೇಕಾದುದು ಮಾನಕದ ಸಂಖ್ಯೆ: ಇಕ್ಕಳಕ್ಕೆ ಭಾರತೀಯ ಮಾನಕವಾದ ಐಎಸ್ 3650 ಅಥವಾ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 5746, ಅಲೆನ್ ಕೀಗೆ ಐಎಸ್‌ಒ 2936, ಹೀಗೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ವಿದ್ಯುತ್ ಹರಿಯುವ ತಂತಿಯ ಕೆಲಸಕ್ಕೆ ಬಳಸುವ ಉಪಕರಣದ ಮೇಲೆ ಐಇಸಿ 60900 ಎಂಬ ಸಂಖ್ಯೆ, ಎರಡು ತ್ರಿಕೋನಗಳ ಗುರುತು ಮತ್ತು 1000 ವೋಲ್ಟ್ ಎಂಬ ಬರಹ ಇರಬೇಕು. ಆ ಮಾನಕದಂತೆ ತಯಾರಾದ ಪ್ರತಿಯೊಂದು ಉಪಕರಣವನ್ನೂ 10,000 ವೋಲ್ಟಿನಲ್ಲಿ ಪರೀಕ್ಷಿಸಲಾಗಿರುತ್ತದೆ. ಹಿಡಿಗೆ ಬರೀ ಕೆಂಪು ಹಳದಿ ಪ್ಲಾಸ್ಟಿಕ್ ತೊಡಿಸಿದ್ದರೆ ಅದು ಹಿಡಿತಕ್ಕೆ ಮಾತ್ರ. ಅದನ್ನು ನಂಬಿ ಜೀವಂತ ತಂತಿಯನ್ನು ಮುಟ್ಟಬಾರದು, ಆ ಉಪಕರಣ ಯಾವ ದೇಶದ್ದೇ ಆಗಿರಲಿ.

## ಕಾನೂನು ಮತ್ತು ಸುಂಕದ ಆಳ

ತೈವಾನಿನಲ್ಲಿ ಬಡಿದು, ಅಮೆರಿಕದಲ್ಲಿ ಹದ ಕೊಟ್ಟು ಲೇಪಿಸಿದರೆ ಅದು ಯಾವ ದೇಶದ್ದು?

ಈ ಪ್ರಶ್ನೆಯೇ ಅಮೆರಿಕದ ನ್ಯಾಯಾಲಯದ ಮುಂದೆ ಬಂದಿತ್ತು. ನ್ಯಾಷನಲ್ ಹ್ಯಾಂಡ್ ಟೂಲ್ ಎಂಬ ಕಂಪನಿ ತೈವಾನಿನಲ್ಲಿ ರೂಪ ಪಡೆದ ಸಾಕೆಟ್ ಮತ್ತು ಹಿಡಿಗಳ ಬಿಡಿಭಾಗಗಳನ್ನು ತರಿಸಿ, ಅಮೆರಿಕದಲ್ಲಿ ಅವುಗಳಿಗೆ ಹದ ಕೊಟ್ಟು, ಶುಚಿಗೊಳಿಸಿ, ನಿಕ್ಕಲ್ ಮತ್ತು ಕ್ರೋಮ್ ಲೇಪಿಸಿ, ಜೋಡಿಸುತ್ತಿತ್ತು. ಇಷ್ಟು ಕೆಲಸ ಅಮೆರಿಕದಲ್ಲಿಯೇ ಆಗುವುದರಿಂದ ತೈವಾನಿನ ಹೆಸರು ಬೇಡವೆಂಬುದು ಅದರ ವಾದ. 1992ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ ಒಪ್ಪಲಿಲ್ಲ. ಸಾಕೆಟ್ ಬಂದಾಗಲೂ ಸಾಕೆಟ್ಟೇ, ಹೋದಾಗಲೂ ಸಾಕೆಟ್ಟೇ. ಹೆಸರಾಗಲಿ, ಸ್ವರೂಪವಾಗಲಿ, ಉಪಯೋಗವಾಗಲಿ ಬದಲಾಗಿಲ್ಲ. ಅದು ಏನಾಗಬೇಕು ಎಂಬುದು ಬಂದರಿಗೆ ಇಳಿಯುವ ಮೊದಲೇ ನಿರ್ಧಾರವಾಗಿತ್ತು ಎಂದು ತೀರ್ಪು ಬಂತು. 1993ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಇದು ನ್ಯಾಯವೇ ಎಂದು ಕೇಳುವವರಿದ್ದಾರೆ, ಏಕೆಂದರೆ ಉಪಕರಣದ ಬಾಳಿಕೆಯನ್ನು ನಿರ್ಧರಿಸುವುದು ಹದವೇ. ಹದ ತಪ್ಪಿದ ಸಾಕೆಟ್ ಮೊದಲ ಬಿಗಿ ನಟ್ಟಿಗೇ ಸೀಳಿಹೋಗುತ್ತದೆ. ಆದರೆ ಮೂಲ ದೇಶದ ಕಾನೂನು ಕೇಳುವ ಪ್ರಶ್ನೆ ಬಾಳಿಕೆಯದಲ್ಲ, ವಸ್ತು ವಸ್ತುವಾಗಿ ಹುಟ್ಟಿದ ಜಾಗದ್ದು. ಆ ಅಳತೆಗೋಲಿನಿಂದ ನೋಡಿದರೆ ತೀರ್ಪು ಸರಿಯೆಂದೇ ನನಗೆ ತೋರುತ್ತದೆ. ಬರೀ ಉಕ್ಕಿನ ಸರಳನ್ನು ತರಿಸಿ ಅಮೆರಿಕದಲ್ಲಿಯೇ ಬಡಿದಿದ್ದರೆ ಕಥೆ ಬೇರೆಯಾಗುತ್ತಿತ್ತು.

'ಮೇಡ್ ಇನ್ ಯುಎಸ್‌ಎ' ಹಾಕಲು ಎಷ್ಟು ಭಾಗ ಅಲ್ಲಿಯದಾಗಿರಬೇಕು? ಬೇರೆ ದೇಶಗಳಲ್ಲಿ ಹೇಗೆ?

ದೇಶಕ್ಕೊಂದು ನಿಯಮ. ಅಮೆರಿಕದ ವ್ಯಾಪಾರ ನಿಗಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಪ್ರಕಾರ ಎಲ್ಲವೂ ಅಥವಾ ಹೆಚ್ಚುಕಡಿಮೆ ಎಲ್ಲವೂ ಅಲ್ಲಿಯದೇ ಆಗಿರಬೇಕು. ಇದನ್ನು 2021ರ ಆಗಸ್ಟಿನಿಂದ ದಂಡ ವಿಧಿಸಬಹುದಾದ ನಿಯಮವಾಗಿಯೇ ಜಾರಿಗೆ ತರಲಾಗಿದೆ. ಅದಕ್ಕೂ ಮೊದಲು, 2006ರಲ್ಲಿ, ಮ್ಯಾಕ್ ಟೂಲ್ಸ್ ಹೆಸರಿನ ರಾಚೆಟ್ಟುಗಳನ್ನು ಸುಳ್ಳಾಗಿ 'ಮೇಡ್ ಇನ್ ಯುಎಸ್‌ಎ' ಎಂದು ಹೇಳಿಕೊಂಡ ಆರೋಪ ಬಂದಾಗ ಆ ಬ್ರ್ಯಾಂಡಿನ ಒಡೆಯರಾದ ಸ್ಟ್ಯಾನ್ಲಿ ವರ್ಕ್ಸ್ 2,05,000 ಡಾಲರ್ ಕೊಟ್ಟು ಪ್ರಕರಣವನ್ನು ಇತ್ಯರ್ಥ ಮಾಡಿಕೊಂಡಿತ್ತು. ಸ್ವಿಟ್ಜರ್ಲೆಂಡಿನಲ್ಲಿ 2017ರ ಜನವರಿಯಿಂದ ಕೈಗಾರಿಕಾ ಮಾಲಿನ ತಯಾರಿಕಾ ವೆಚ್ಚದ ಕನಿಷ್ಠ ಶೇ. 60ರಷ್ಟು ಅಲ್ಲಿಯೇ ಆಗಿರಬೇಕು. ಜರ್ಮನಿಯಲ್ಲಿ ಇಂತಹ ಶೇಕಡಾವಾರು ಇಲ್ಲ. ವಸ್ತುವಿಗೆ ಅದರ ಮುಖ್ಯ ಗುಣಗಳನ್ನು ಕೊಡುವ ಕೆಲಸ ಅಲ್ಲಿ ನಡೆದಿದೆಯೇ ಎಂಬುದನ್ನು ನ್ಯಾಯಾಲಯಗಳು ನೋಡುತ್ತವೆ.

'ಮೇಡ್ ಇನ್' ಎಂದು ಬರೆಯುವ ಪದ್ಧತಿ ಶುರುವಾದದ್ದು ಹೇಗೆ?

ಇದರ ಹಿಂದೆಯೂ ಉಪಕರಣಗಳೇ ಇವೆ. 19ನೇ ಶತಮಾನದ ಕೊನೆಗೆ ಜರ್ಮನಿಯ ಅಗ್ಗದ ಚಾಕು, ಕತ್ತರಿಗಳು ಇಂಗ್ಲೆಂಡಿನ ಶೆಫೀಲ್ಡ್ ಗುರುತು ಹೊತ್ತು ಮಾರಾಟವಾಗುತ್ತಿದ್ದವು. ಶೆಫೀಲ್ಡಿನ ತಯಾರಕರ ದೂರಿನಿಂದಾಗಿ ಬ್ರಿಟನ್ 1887ರಲ್ಲಿ ಸರಕು ಗುರುತುಗಳ ಕಾಯ್ದೆ ತಂದಿತು. ಜರ್ಮನಿಯ ಹೆಸರನ್ನು ಕಳಂಕವೆಂಬಂತೆ ಹಾಕಿಸಿದ್ದು ಕೆಲವೇ ದಶಕಗಳಲ್ಲಿ ಹೆಗ್ಗಳಿಕೆಯ ಗುರುತಾಗಿ ಬದಲಾಯಿತು. ಚಾಕು, ಕತ್ತರಿಗಳಿಗೆ ಹೆಸರಾದ ಜರ್ಮನಿಯ ಜೋಲಿಂಗೆನ್ ನಗರದ ಹೆಸರನ್ನಂತೂ 1938ರಲ್ಲಿ ಕಾನೂನಿನಿಂದಲೇ ರಕ್ಷಿಸಲಾಯಿತು.

ಸುಂಕಕ್ಕೂ ಸರ್ಕಾರಿ ಖರೀದಿಗೂ ಈ ಮೂಲ ದೇಶಕ್ಕೂ ಏನು ಸಂಬಂಧ?

ಇವು ಪ್ರತ್ಯೇಕ ಲೆಕ್ಕಗಳು. ಒಂದರ ಉತ್ತರ ಇನ್ನೊಂದಕ್ಕೆ ಸಲ್ಲದಿರಬಹುದು. ವ್ಯಾಪಾರ ಒಪ್ಪಂದವಿರುವ ದೇಶದಿಂದ ಬಂದ ಮಾಲಿಗೆ ಕಡಿಮೆ ಸುಂಕ ಬೇಕಾದರೆ, ಅದು ನಿಜಕ್ಕೂ ಅಲ್ಲಿಯೇ ತಯಾರಾಗಿದೆ ಎಂಬ ಮಾಹಿತಿಯನ್ನು ಆಮದುದಾರರೇ ಇಟ್ಟುಕೊಂಡಿರಬೇಕೆಂಬ ನಿಯಮ 2020ರ ಸೆಪ್ಟೆಂಬರಿನಿಂದ ಭಾರತದಲ್ಲಿ ಜಾರಿಯಲ್ಲಿದೆ. ಮೂರನೆಯ ದೇಶದ ಮಾಲು ಮಧ್ಯದ ದೇಶವೊಂದರಲ್ಲಿ ಬರೀ ಚೀಟಿ ಬದಲಿಸಿಕೊಂಡು ಬರುವುದನ್ನು ತಡೆಯುವುದು ಇದರ ಉದ್ದೇಶ. ಸರ್ಕಾರಿ ಖರೀದಿಯಲ್ಲಿ ಶೇ. 50 ಅಥವಾ ಅದಕ್ಕಿಂತ ಹೆಚ್ಚು ಸ್ಥಳೀಯ ಪಾಲಿರುವ ಪೂರೈಕೆದಾರರಿಗೆ ಮೊದಲ ದರ್ಜೆ, ಶೇ. 20ರಿಂದ 50ರೊಳಗಿನವರಿಗೆ ಎರಡನೇ ದರ್ಜೆ. ಅಂಗಡಿಯ ಚೀಟಿಗೆ ಇಂತಹ ಶೇಕಡಾವಾರು ಮಿತಿಯನ್ನು 2011ರ ನಿಯಮಗಳು ಹಾಕಿಲ್ಲ. ಹಾಕುವ ಕಾಲ ಬಂದಿದೆ ಎಂಬುದು ನನ್ನ ಅಭಿಪ್ರಾಯ.

ಚೀಟಿ ಸುಳ್ಳು ಅನ್ನಿಸಿದರೆ ಎಲ್ಲಿ ದೂರು ಕೊಡಬೇಕು?

ಪೊಟ್ಟಣದ ಮೇಲೆ ಇರಬೇಕಾದ ವಿವರ ಇಲ್ಲದಿದ್ದರೆ ಅಥವಾ ಮೂಲ ದೇಶದ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರೆ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ದಾರಿ ತಪ್ಪಿಸುವ ಜಾಹೀರಾತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೂ ಬರುತ್ತದೆ. ಬಿಲ್ ಕೇಳಿ ಪಡೆಯಿರಿ, ಪೊಟ್ಟಣವನ್ನು ಬಿಸಾಡಬೇಡಿ, ಆನ್‌ಲೈನಿನಲ್ಲಿ ಕೊಂಡಿದ್ದರೆ ಮಾರಾಟದ ಪುಟದಲ್ಲಿ ಯಾವ ದೇಶವೆಂದು ತೋರಿಸಿದ್ದರು ಎಂಬುದರ ಚಿತ್ರವನ್ನು ಉಳಿಸಿಕೊಳ್ಳಿ. ಪುಟದಲ್ಲಿ ಒಂದು ದೇಶ, ಮನೆಗೆ ಬಂದ ಡಬ್ಬಿಯ ಮೇಲೆ ಇನ್ನೊಂದು ದೇಶ ಇದ್ದರೆ, ಆ ಎರಡು ಚಿತ್ರಗಳನ್ನು ಜೊತೆಗೆ ಇಟ್ಟರೆ ದೂರಿಗೆ ಬೇಕಾದ ಮುಖ್ಯ ಸಾಕ್ಷ್ಯ ಸಿಕ್ಕಂತೆಯೇ.